ಬೆಳೆಯ ಲೆಕ್ಕದ ಜೊತೆಗೆ ಮನಸ್ಸಿನ ಲೆಕ್ಕ

ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿರುವವರನ್ನು ಸುಡುತ್ತದೆ ಎಂಬುದು ಹಿರಿಯರ ಮಾತು. ಬೇಸಾಯವನ್ನೇ ನಂಬಿದ ಕುಟುಂಬಕ್ಕೆ ಚಿಂತೆಗಳೇನೂ ಕಡಿಮೆಯಲ್ಲ. ಹಾಸನ, ಹೊಳೆನರಸೀಪುರದ ಕಡೆ ಆಲೂಗೆಡ್ಡೆಗೆ ಅಂಗಮಾರಿಯ ಭಯ; ಅರಕಲಗೂಡಿನ ತಂಬಾಕು ಬೆಳೆಗಾರರಿಗೆ ರಾಮನಾಥಪುರದ ಹರಾಜಿನಲ್ಲಿ ಸಿಗುವ ದರದ ಯೋಚನೆ; ಚನ್ನರಾಯಪಟ್ಟಣದಲ್ಲಿ ತೆಂಗಿಗೆ ನುಸಿಯ ಕಾಟ, ಕೊಬ್ಬರಿ ಬೆಲೆಯ ಏರಿಳಿತ. ಬೀಜ, ಗೊಬ್ಬರ, ಕೂಲಿಗಳ ಖರ್ಚನ್ನು ಅನೇಕ ರೈತರು ಪುಸ್ತಕದಲ್ಲಿ ಬರೆದಿಡುತ್ತಾರೆ. ಆದರೆ ಇವುಗಳಿಂದ ಮನಸ್ಸಿನ ಮೇಲೆ ಬೀಳುವ ಭಾರವನ್ನು ಬರೆದಿಡುವವರು ವಿರಳ. ಕಾಲು ಗಂಟೆ ಬಿಡುವು ಮಾಡಿಕೊಂಡು ಅದನ್ನೂ ಬರೆಯುವ ಅಭ್ಯಾಸದಿಂದ ಆಗುವ ಪ್ರಯೋಜನವನ್ನೂ ಬರೆಯುವ ಕ್ರಮವನ್ನೂ ಇಲ್ಲಿ ತಿಳಿಸಲಾಗಿದೆ.

ಚಿಂತೆ ಬೆಳೆಯುವ ಬಗೆ

ಆಲೂಗೆಡ್ಡೆಯನ್ನೇ ಉದಾಹರಣೆಯಾಗಿ ನೋಡೋಣ. ಪಂಜಾಬಿನ ಜಲಂಧರ್ ಕಡೆಯಿಂದ ಬರುವ ಬಿತ್ತನೆ ಗೆಡ್ಡೆಯನ್ನು ಕೊಂಡು, ಮುಂಗಾರಿನ ಆರಂಭದಲ್ಲಿ, ಮೇ-ಜೂನ್ ತಿಂಗಳುಗಳಲ್ಲಿ ನಾಟಿ ಮಾಡುತ್ತಾರೆ. ಬೆಳೆ ಸುಮಾರು ಮೂರು ತಿಂಗಳಿನದು. ಹಣದ ಬಹುಪಾಲು ನಾಟಿಯ ಹೊತ್ತಿಗೇ ಭೂಮಿಗೆ ಸೇರಿರುತ್ತದೆ. ಆಮೇಲೆ ಮೋಡ ಕವಿದು, ಸೋನೆ ಹಿಡಿದು, ತಂಪು ಹೆಚ್ಚಿದರೆ ಅಂಗಮಾರಿ ಕೆಲವೇ ದಿನಗಳಲ್ಲಿ ಹೊಲವನ್ನೆಲ್ಲ ಆವರಿಸಬಲ್ಲದು. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆ ಬೆಳೆಯನ್ನು ಹಾಳುಮಾಡಿ ಭೀಕರ ಕ್ಷಾಮಕ್ಕೆ ಕಾರಣವಾದದ್ದೂ ಇದೇ ರೋಗ.

ಹೊಲದಲ್ಲಿ ರೋಗ ಕಂಡ ರಾತ್ರಿ ರೈತನಿಗೆ ನಿದ್ದೆ ಬರುವುದಿಲ್ಲ. ಬೆಳೆಯ ಯೋಚನೆಗೆ ಸಾಲದ ಯೋಚನೆ, ಸಾಲದ ಯೋಚನೆಗೆ ಮಕ್ಕಳ ಓದು, ಮದುವೆಗಳ ಯೋಚನೆ ಸೇರಿಕೊಳ್ಳುತ್ತದೆ. ನೆರೆಯವರ ಮುಂದೆ ಹೇಳಿಕೊಳ್ಳಲು ಸಂಕೋಚ, ಮನೆಯವರಿಗೆ ಹೇಳಿದರೆ ಅವರೂ ನೊಂದಾರೆಂಬ ಅಳುಕು. ಹೀಗೆ ಒಳಗೇ ಉಳಿದ ಚಿಂತೆ ಮೊದಲು ಸಿಟ್ಟಾಗಿ, ಕೆಲವರಲ್ಲಿ ಕುಡಿತವಾಗಿ, ಕೊನೆಗೆ ಬದುಕೇ ಬೇಡವೆಂಬ ಹಂತಕ್ಕೂ ಹೋಗಬಹುದು. ಬರೆದಾಗ ಚಿಂತೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಯಾವುದು ಈ ವಾರದ್ದು, ಯಾವುದು ಮುಂದಿನ ವರ್ಷದ್ದು ಎಂಬುದು ತಿಳಿಯುತ್ತದೆ.

ಪ್ರಯೋಗದಿಂದ ತಿಳಿದದ್ದು

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ 4 ದಿನ ಬರೆದರು. ಕೆಲವರು ತಮಗಾದ ನೋವಿನ ಘಟನೆಯನ್ನೂ ಆಗ ತಮಗೆ ಅನಿಸಿದ್ದನ್ನೂ ಒಟ್ಟಿಗೆ ಬರೆದರು. ಬರೆದ ಕೂಡಲೆ ಅವರ ಮನಸ್ಸು ಸ್ವಲ್ಪ ಭಾರವಾಯಿತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಕಾಯಿಲೆಯೆಂದು ವೈದ್ಯರ ಬಳಿಗೆ ಹೋದದ್ದು ಕಡಿಮೆ. ಘಟನೆಯನ್ನಷ್ಟೇ ಬರೆದವರಿಗೆ ಈ ಲಾಭ ದೊರೆಯಲಿಲ್ಲ. ಆನಂತರ ನಡೆದ ಅನೇಕ ಅಧ್ಯಯನಗಳ ಪ್ರಕಾರ ಈ ಪ್ರಯೋಜನ ಸಾಧಾರಣ ಪ್ರಮಾಣದ್ದು. ಎಲ್ಲರಿಗೂ ಒಂದೇ ತೆರನಾಗಿ ಆಗುವುದಿಲ್ಲ. ಆದರೂ ಇದಕ್ಕೆ ತಗಲುವ ಖರ್ಚು ಒಂದು ನೋಟುಪುಸ್ತಕ ಮತ್ತು ಒಂದು ಪೆನ್ನು ಮಾತ್ರ.

ಬರೆಯುವ ಕ್ರಮ

1. ಬೇಸಾಯದ ಲೆಕ್ಕದ ಪುಸ್ತಕವನ್ನೇ ಬಳಸಬಹುದು. ಎಡಪುಟದಲ್ಲಿ ಖರ್ಚು, ಮಳೆ, ಕೆಲಸ. ಬಲಪುಟದಲ್ಲಿ ಮನಸ್ಸಿನ ವಿಚಾರ. ಅದನ್ನು ಬೇರೆಯವರು ನೋಡಬಾರದೆಂದಿದ್ದರೆ ಪ್ರತ್ಯೇಕ ಪುಸ್ತಕವಿಟ್ಟು ಪೆಟ್ಟಿಗೆಯಲ್ಲಿ ಭದ್ರಪಡಿಸಿ.

2. ರಾತ್ರಿ ಊಟವಾದ ಮೇಲೆ 10ರಿಂದ 15 ನಿಮಿಷ ಸಾಕು. ಪ್ರತಿದಿನ ಆಗದಿದ್ದರೆ ವಾರಕ್ಕೆ ಎರಡು ಮೂರು ದಿನ ಬರೆಯಿರಿ.

3. ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಿರಿ. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ.

4. ನಡೆದದ್ದನ್ನು ಬರೆದು, ಅದರಿಂದ ತಮಗೆ ಏನನ್ನಿಸಿತು ಎಂಬುದನ್ನೂ ಬರೆಯಿರಿ.

5. ಕೊನೆಯಲ್ಲಿ ಒಂದು ಗೆರೆ ಎಳೆದು 'ನನ್ನ ಕೈಯಲ್ಲಿರುವುದು', 'ನನ್ನ ಕೈಯಲ್ಲಿಲ್ಲದ್ದು' ಎಂದು ಎರಡು ಪಟ್ಟಿ ಮಾಡಿ.

ಮಾದರಿಗೆ ಒಂದು ಪುಟ ಹೀಗಿರಬಹುದು: "ಪುಷ್ಯ ಮಳೆ ಇವತ್ತೂ ಬಿಡಲಿಲ್ಲ. ಕೆಳಗಿನ ತಾಕಿನಲ್ಲಿ ಎಲೆ ಕಪ್ಪಾಗಿದೆ. ಸೊಸೈಟಿ ಸಾಲ ನೆನೆದು ಎದೆ ಡವಡವ ಎಂದಿತು. ಸಂಜೆ ಮಗನ ಮೇಲೆ ರೇಗಿದೆ. ಅವನ ತಪ್ಪೇನೂ ಇರಲಿಲ್ಲ. ಕೈಯಲ್ಲಿರುವುದು: ಬಸಿಗಾಲುವೆ ಬಿಡಿಸುವುದು, ಮಳೆ ನಿಂತ ಕೂಡಲೆ ಔಷಧಿ ಸಿಂಪಡಿಸುವುದು, ಸೊಸೈಟಿಗೆ ಹೋಗಿ ಸಾಲದ ಕಂತಿನ ಮಾತಾಡುವುದು. ಕೈಯಲ್ಲಿಲ್ಲದ್ದು: ಮಳೆ, ಹಾಸನ ಮಾರುಕಟ್ಟೆಯ ದರ."

ಮೊದಲ ಪಟ್ಟಿಯಿಂದ ಮರುದಿನದ ಕೆಲಸ ಗೊತ್ತಾಗುತ್ತದೆ. ಎರಡನೆಯ ಪಟ್ಟಿಯಲ್ಲಿರುವುದಕ್ಕೆ ರಾತ್ರಿಯೆಲ್ಲ ಎಚ್ಚರವಿದ್ದು ಫಲವಿಲ್ಲವೆಂಬುದು ಕಣ್ಣೆದುರಿಗೇ ಇರುತ್ತದೆ. ತಿಂಗಳಿಗೊಮ್ಮೆ ಹಿಂದಿನ ಪುಟಗಳನ್ನು ತಿರುವಿ ನೋಡಿ. ಯಾವ ದಿನ ಸಿಟ್ಟು ಹೆಚ್ಚಿತು, ಯಾರ ಜೊತೆ ಮಾತಾಡಿದ ಮೇಲೆ ಹಗುರಾಯಿತು, ಹೋದ ವರ್ಷದ ಕಷ್ಟದಿಂದ ಹೇಗೆ ಪಾರಾದೆವು ಎಂಬುದು ಅಲ್ಲಿ ಸಿಗುತ್ತದೆ. ಮನೆ, ಕೊಟ್ಟಿಗೆ, ಹೊಲ ಮೂರನ್ನೂ ನಿಭಾಯಿಸುವ ಹೆಣ್ಣುಮಕ್ಕಳಿಗೂ ಈ ಅಭ್ಯಾಸ ಅಷ್ಟೇ ಅಗತ್ಯ. ಅವರ ಪುಸ್ತಕವನ್ನು ಅವರ ಒಪ್ಪಿಗೆಯಿಲ್ಲದೆ ಮನೆಯವರು ಓದಬಾರದು.

ಎಚ್ಚರಿಕೆ

ಬರವಣಿಗೆ ವೈದ್ಯರಿಗೆ ಬದಲಿಯಲ್ಲ. ಒಂದೇ ನೋವನ್ನು ದಿನದಿನವೂ ಬರೆದು ಮನಸ್ಸು ಇನ್ನಷ್ಟು ಕುಗ್ಗುತ್ತಿದ್ದರೆ ಬರೆಯುವುದನ್ನು ನಿಲ್ಲಿಸಿ, ನಂಬಿಕೆಯವರೊಡನೆ ಮಾತನಾಡಿ. ಎರಡು ವಾರ ನಿದ್ದೆ, ಹಸಿವು ಇಲ್ಲದಿದ್ದರೆ, ಯಾವ ಕೆಲಸದಲ್ಲೂ ಆಸಕ್ತಿ ಹುಟ್ಟದಿದ್ದರೆ ವೈದ್ಯರನ್ನು ಕಾಣಲೇಬೇಕು. ಬದುಕು ಬೇಡವೆಂಬ ಯೋಚನೆ ಒಮ್ಮೆ ಬಂದರೂ ಎರಡು ವಾರ ಕಾಯಬೇಡಿ. ಅಂದೇ ಒಬ್ಬರಿಗೆ ತಿಳಿಸಿ. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ 'ಟೆಲಿ ಮಾನಸ್' ಸೇವೆಗೆ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮನೆಯಲ್ಲಿ ಯಾರಾದರೂ ತೀರ ಮಂಕಾಗಿದ್ದರೆ ಕೀಟನಾಶಕದ ಡಬ್ಬಿಗಳನ್ನು ಬೀಗ ಹಾಕಿಡಿ, ಬೀಗದ ಕೈ ಬೇರೆಯವರಲ್ಲಿರಲಿ.

ರೈತ ಬಾಂಧವರೇ, ಒಂದು ಬೆಳೆ ಹೋದರೆ ಮುಂದಿನ ಮಳೆಗೆ ಇನ್ನೊಂದನ್ನು ಬೆಳೆಯಬಹುದು. ಬೆಳೆಯುವ ಕೈ ಉಳಿಯಬೇಕು. ಲೆಕ್ಕದ ಪುಸ್ತಕದ ಬಲಪುಟ ಹೇಗೂ ಖಾಲಿಯಿದೆ. ಇಂದಿನ ತಾರೀಖು ಹಾಕಿ ನಾಲ್ಕು ಸಾಲು ಬರೆದು ನೋಡಿ.