ಬಾಟ್ಲಿ ಬಾಳೆಗೆ ತಾಯಿ ಯಾರು?

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಬಾಳೆ ಬೆಳೆಗಾರ ಹೊಲದ ಕಂದು ನೆಟ್ಟರೆ ಅದರ ತಾಯಿಯನ್ನು ಕಣ್ಣಾರೆ ಕಂಡಿರುತ್ತಾನೆ. ಲ್ಯಾಬಿನ ಬಾಟ್ಲಿಯಲ್ಲಿ, ಅಂದರೆ ಅಂಗಾಂಶ ಕೃಷಿಯಲ್ಲಿ ಹುಟ್ಟಿದ ಜಿ-9 ಪಚ್ಚಬಾಳೆ ಸಸಿಗೆ? ನೂರು ಸಸಿ ಸಾಲಾಗಿ ಇಟ್ಟರೆ ನೂರೂ ಒಂದೇ ಥರ. ನೆಟ್ಟು ತಿಂಗಳುಗಳಾದ ಮೇಲೆ ನಡುನಡುವೆ ಕೆಲವು ಕುಳ್ಳಗೆ ನಿಂತುಬಿಡುತ್ತವೆ, ಗೊನೆಯೂ ಸಣ್ಣದು. ಅಷ್ಟರಲ್ಲಿ ಗೊಬ್ಬರ, ನೀರು, ಸಾಲದ ಬಡ್ಡಿ ಎಲ್ಲಾ ಅದರ ಬುಡಕ್ಕೇ ಹೋಗಿರುತ್ತೆ!

ಒಂದೇ ಕುಡಿಯನ್ನು ಮತ್ತೆ ಮತ್ತೆ ಕತ್ತರಿಸಿ ಬೆಳೆಸುವಾಗ ಹುಟ್ಟುವ ದೋಷವಿದು. 1981ರಲ್ಲಿ ಲಾರ್ಕಿನ್, ಸ್ಕೋಕ್ರಾಫ್ಟ್ ಎಂಬ ವಿಜ್ಞಾನಿಗಳು ಇದಕ್ಕೆ 'ಸೋಮಾಕ್ಲೋನಲ್ ವ್ಯತ್ಯಾಸ' ಅಂತ ಹೆಸರಿಟ್ಟರು. ಸುತ್ತು ಹೆಚ್ಚಿದಷ್ಟೂ ಅಪಾಯ ಹೆಚ್ಚು. ಬಾಳೆಗೆ ಎಂಟರ ಆಸುಪಾಸಿನಲ್ಲಿ ನಿಲ್ಲಿಸುವುದು ವಾಡಿಕೆ. ಆಸೆಬುರುಕ ನಿಲ್ಲಿಸೋದಿಲ್ಲ, ಅಷ್ಟೇ.

ಪರೀಕ್ಷೆ ಹೇಗೆ ಅಂತೀರಾ? ತಾಯಿ ಎಲೆ, ಸಸಿ ಎಲೆ ಎರಡನ್ನೂ ಅರೆದು ಡಿಎನ್‌ಎ ತೆಗೆದು, ಅದರ ಕೆಲವು ತುಣುಕುಗಳನ್ನು ಲಕ್ಷಾಂತರ ಪಟ್ಟು ಹೆಚ್ಚಿಸಿ ಜೆಲ್ಲಿನಲ್ಲಿ ಓಡಿಸುತ್ತಾರೆ. ಗೆರೆಗಳು ಅಕ್ಕಪಕ್ಕ ಒಂದೇ ಮಟ್ಟಕ್ಕೆ ಬಂದರೆ ಪಾಸು. ಆದರೂ ನೋಡೋದು ಕೆಲವೇ ಸಸಿ, ಕೆಲವೇ ತುಣುಕು. ಗೆರೆ ಸರಿಯಿದ್ದೂ ಕುಳ್ಳ ಹುಟ್ಟಬಹುದು. ಅದಕ್ಕೇ ನೆರಳುಮನೆಯಲ್ಲಿ ಒಂದೊಂದೇ ಸಸಿ ನೋಡಿ, ವಿಕಾರವಾದ್ದನ್ನು ಕಿತ್ತೆಸೆಯುವ ಕೂಲಿಯವರ ಕಣ್ಣು ಇವತ್ತಿಗೂ ಬೇಕು.

ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲಿ ಇಂಥ ಸಸಿಗಳಿಗೆ ಪ್ರಮಾಣೀಕರಣ ತಂದಿತು. ವೈರಸ್ ಮತ್ತು ತಳಿ ಪರೀಕ್ಷೆ ಎರಡೂ ಪಾಸಾದರೆ ಲೇಬಲ್. ನರ್ಸರಿಯವರು ತೋರಿಸದಿದ್ದರೆ ರೈತ ಕೇಳಿ ಪಡೆಯಬೇಕು; ಬಿಲ್ಲಿನ ಜತೆ ಅದನ್ನೂ ಗೊನೆ ಕಡಿಯುವ ತನಕ ಜೋಪಾನ ಮಾಡಬೇಕು.