ಹೇಳಿದರೆ ಸಾಲದು, ಕೈಗೆ ಕೊಟ್ಟು ಕಲಿಸಿ

ಮುಂಗಾರು ಹತ್ತಿರ ಬಂತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಇಬ್ಬರು ಕೃಷಿಕರು ಸೇರಿದಲ್ಲಿ ಒಂದೇ ಮಾತು: "ಔಷಧಿ ಹೊಡೆಯೋಕೆ ಜನ ಸಿಕ್ಕಿದ್ರಾ?" ಹಳೆಯ ಕೊನೆಗಾರರಿಗೆ ವಯಸ್ಸಾಯ್ತು. ಅವರ ಮಕ್ಕಳು ಪೇಟೆ ಸೇರಿದರು. ಈಗ ತೋಟಕ್ಕೆ ಬರುವವರಲ್ಲಿ ಬಯಲುಸೀಮೆಯವರಿದ್ದಾರೆ, ದೂರದ ಅಸ್ಸಾಂನವರೂ ಇದ್ದಾರೆ. ದುಡಿಯಲು ಹಿಂಜರಿಯುವವರಲ್ಲ, ಆದರೆ ನಮ್ಮ ಮಳೆ, ನಮ್ಮ ಮದ್ದು, ನಮ್ಮ ಕ್ರಮ ಅವರಿಗೆ ಹೊಸದು.

ಹಾಗಾಗಿ 'ಜನ ಇಲ್ಲ' ಎನ್ನುವುದು ಅರ್ಧ ಸತ್ಯ. ಇದ್ದವರಿಗೆ ಕಲಿಸುವ ಕ್ರಮ ನಮ್ಮಲ್ಲಿಲ್ಲ ಎನ್ನುವುದು ಉಳಿದರ್ಧ. ಹಿಂದೆ ಅಪ್ಪನ ಜತೆ ನೇಣು ಹಿಡಿಯಲು ಹೋದ ಹುಡುಗ ವರ್ಷಗಟ್ಟಲೆ ನೋಡಿ ನೋಡಿ ಕಲಿಯುತ್ತಿದ್ದ. ಇಂದು ಮೂವತ್ತು ವರ್ಷದವನಿಗೆ ಒಂದು ವಾರದಲ್ಲಿ ಕಲಿಸಬೇಕು. ತಪ್ಪಿದರೆ ಹೋಗುವುದು ಬರೀ ಫಸಲಲ್ಲ, ಜೀವ.

ಕೊಟ್ಟೆಯಿಂದ ಬೋರ್ಡೋಗೆ

ನಮ್ಮಲ್ಲಿ ಇದು ಹೊಸ ಸಮಸ್ಯೆಯೇನಲ್ಲ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸರಕಾರದ ಕೆಲಸಕ್ಕೆ ಬಂದು, ಮಲೆನಾಡಿನ ಕೊಳೆರೋಗದ ಬೆನ್ನು ಹತ್ತಿದರು. ಅವರ ಅಧ್ಯಯನ 1910ರಲ್ಲಿ ಪ್ರಕಟವಾಯಿತು. ಫ್ರಾನ್ಸಿನ ದ್ರಾಕ್ಷಿತೋಟದ ಬೋರ್ಡೋ ದ್ರಾವಣ ನಮ್ಮ ಅಡಿಕೆಗೆ ಬಂದದ್ದು ಹೀಗೆ. ಅದುವರೆಗೆ ಗೊನೆಗೆ ಕೊಟ್ಟೆ ಕಟ್ಟುವುದೇ ರೂಢಿ. ಬಾಳೆಹೊನ್ನೂರಿನ ಹತ್ತಿರ 1925ರಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾದುದರ ಹಿಂದೆಯೂ ಇದ್ದವರು ಇದೇ ಕೋಲ್ಮನ್.

ಕೊಟ್ಟೆ ಕಟ್ಟುತ್ತಿದ್ದ ಕೈಗೆ ಪಂಪು ಬಂತಲ್ಲ, ಅವರಲ್ಲಿ ಪುಸ್ತಕ ಓದಿ ಕಲಿತವರು ಎಷ್ಟು ಮಂದಿ ಇದ್ದಾರು? ಪಕ್ಕದ ತೋಟದಲ್ಲಿ ನೋಡಿ, ತಾವೂ ಕೈ ಹಾಕಿ ಕಲಿತವರೇ ಹೆಚ್ಚು. ಈಗಲೂ ದಾರಿ ಅದೇ. ಸ್ವಲ್ಪ ಕ್ರಮ ಬೇಕು, ಅಷ್ಟೆ.

ನಾಲ್ಕು ಹೆಜ್ಜೆ

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೂ ಹೀಗೇ ಆಗಿತ್ತು. ಪಳಗಿದವರು ಯುದ್ಧಕ್ಕೆ ಹೋದರು, ಬಂದವರೆಲ್ಲ ಹೊಸಬರು. ಆಗ ಮೇಸ್ತ್ರಿಗಳಿಗೆ ಕಲಿಸಿಕೊಟ್ಟ ಕ್ರಮ ನಾಲ್ಕೇ ಹೆಜ್ಜೆಯದು. ಕಲಿಯುವವನನ್ನು ಅಣಿಮಾಡು. ಮಾಡಿ ತೋರಿಸು. ಅವನಿಂದ ಮಾಡಿಸು. ಆಮೇಲೆ ಆಗಾಗ ಹೋಗಿ ನೋಡು. ನಾವು ಎರಡನೆಯದಕ್ಕೇ ನಿಲ್ಲಿಸುತ್ತೇವೆ. "ಗೊತ್ತಾಯ್ತಾ?" ಎಂದು ಕೇಳಿದರೆ ಯಾರೇ ಆದರೂ "ಹೂಂ" ಅಂತಾರೆ. ಆ 'ಹೂಂ' ನಂಬಿ ಮನೆಗೆ ಬರಬೇಡಿ.

ಬೋರ್ಡೋ ಮಾಡುವುದನ್ನೇ ನೋಡಿ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ತುತ್ತವನ್ನು 50 ಲೀಟರ್‌ನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರ್‌ನಲ್ಲಿ ಬೇರೆ ಬೇರೆ ಕರಗಿಸಬೇಕು. ಕಬ್ಬಿಣದ ಪಾತ್ರೆ ಕೂಡದು. ಸುಣ್ಣದ ನೀರಿಗೆ ತುತ್ತದ ನೀರನ್ನು ಕದಡುತ್ತಾ ಹೊಯ್ಯಬೇಕು, ತಿರುಗಾಮುರುಗಾ ಆಗಬಾರದು.

ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದರೆ ತಲೆಗೆ ಹೋಗುವುದಿಲ್ಲ. ಮೊದಲ ದಿನ 10 ಲೀಟರ್ ಬಕೆಟ್ಟಿನಲ್ಲಿ 100 ಗ್ರಾಂ ತುತ್ತ, 100 ಗ್ರಾಂ ಸುಣ್ಣ ಹಾಕಿ ಮಾಡಿಸಿ. ಒಂದು ಸಲ ಬೇಕೆಂದೇ ಸುಣ್ಣ ಕಡಿಮೆ ಹಾಕಿಸಿ, ಶುಚಿಯಾದ ಕತ್ತಿ ಅದ್ದಲು ಹೇಳಿ. ಅಲಗಿಗೆ ಕೆಂಪು ಹತ್ತುತ್ತದೆ. ಸುಣ್ಣ ಸೇರಿಸಿ, ಕತ್ತಿ ಉಜ್ಜಿ ಮತ್ತೆ ಅದ್ದಿದರೆ ಹತ್ತುವುದಿಲ್ಲ. ತನ್ನ ಕಣ್ಣಾರೆ ಕಂಡದ್ದನ್ನು ಅವನು ಮರೆಯುವುದಿಲ್ಲ. ಕನ್ನಡ ಬಾರದವನಿಗೂ ಈ ಪಾಠ ಅರ್ಥವಾಗುತ್ತದೆ. ಕೊನೆಗೆ ಅವನೇ ಇನ್ನೊಬ್ಬನಿಗೆ ಮಾಡಿ ತೋರಿಸಲಿ. ತೋರಿಸಿದನೋ, ಕಲಿತ ಎಂದರ್ಥ.

ದೋಟಿಗೆ ಮೊದಲ ಪಾಠ ತಂತಿ

ಮರ ಹತ್ತದೆ ನೆಲದಲ್ಲೇ ನಿಂತು ಕೊನೆ ತೆಗೆಯುವ, ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿ ಈಗ ಊರೂರಿಗೆ ಬಂದಿದೆ. ಬೀಳುವ ಭಯ ಹೋಯಿತು, ಬೇರೆ ಭಯ ಬಂತು. ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ. ಅಲ್ಯೂಮಿನಿಯಂ ದೋಟಿಯಲ್ಲೂ ಅಷ್ಟೆ. ಮೇಲೆ ಗೊನೆ ನೋಡುತ್ತಿದ್ದವನಿಗೆ ಪಕ್ಕದ ತಂತಿ ಕಾಣದೇ ಹೋಗಬಹುದು.

ಆದ್ದರಿಂದ ದೋಟಿ ಕೈಗೆ ಕೊಡುವ ಮೊದಲು ತೋಟ ಸುತ್ತಿಸಿ. ತಂತಿ ಎಲ್ಲೆಲ್ಲಿದೆ ಎಂದು ನೀವು ತೋರಿಸಬೇಡಿ, ಅವನೇ ಬೆರಳು ಮಾಡಿ ತೋರಿಸಲಿ. ದೋಟಿ ಪೂರ್ತಿ ಉದ್ದಕ್ಕೆ ವಾಲಿ ಬಿದ್ದರೂ ತಂತಿಗೆ ತಾಗದಷ್ಟು ದೂರವೇ ಗಡಿ. ಆ ಗಡಿಯ ಒಳಗಿನ ಮರಗಳಿಗೆ ಬಣ್ಣದ ಬಟ್ಟೆ ಕಟ್ಟಿಸಿ. ಮೆಸ್ಕಾಂನವರು ಲೈನು ತೆಗೆದು, ಅದು ಖಾತ್ರಿಯಾದ ಮೇಲೆ ಮಾತ್ರ ಅಲ್ಲಿ ಕೆಲಸ. ಆಮೇಲೆ ಗಿಡ್ಡ ಮರ, ಎರಡೇ ತುಂಡಿನ ದೋಟಿ. ಕೈ ಪಳಗಿದ ಹಾಗೆ ಉದ್ದ ಮಾಡಿ. ಗೊನೆಯ ನೇರ ಕೆಳಗೆ ನಿಲ್ಲಬಾರದು, ತಲೆಗೆ ಹೆಲ್ಮೆಟ್ ಇರಲೇಬೇಕು.

ಮರ ಹತ್ತುವುದಕ್ಕೂ ಇದೇ ಏಣಿ: ಮೊದಲು ಆಳೆತ್ತರದಲ್ಲೇ ತಳೆ ಹಾಕಿ ಹತ್ತಿಳಿಯುವುದು, ಆಮೇಲೆ ಮೇಲೆ. ತೆಂಗು ಮಂಡಳಿ 2011ರಲ್ಲಿ ಶುರುಮಾಡಿದ 'ತೆಂಗಿನ ಮರದ ಗೆಳೆಯರು' ತರಬೇತಿ ಆರು ದಿನದ್ದು, ಹತ್ತುವ ಯಂತ್ರದೊಂದಿಗೆ. ವಿಟ್ಲದ ಸಿಪಿಸಿಆರ್‌ಐಯಲ್ಲಿ 2018ರಲ್ಲಿ ಅಡಿಕೆಗೂ ಇಂಥ ಶಿಬಿರ ನಡೆಯಿತು. ಕಲಿಸಿದರೆ ಹೊಸಬರೂ ಕಲಿಯುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಮೊಬೈಲು ನೆನಪಿಗೆ, ಕಲಿಕೆಗಲ್ಲ

"ವಿಡಿಯೋ ಕಳಿಸಿದ್ದೀನಿ, ನೋಡ್ಕೊಂಡು ಮಾಡು" ಎಂದರೆ ಕಲಿಸಿದಂತಾಗದು. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ 2006ರಲ್ಲಿ ಹುಟ್ಟಿದ 'ಡಿಜಿಟಲ್ ಗ್ರೀನ್' ಯೋಜನೆ ಇಲ್ಲಿ ದಾರಿ ತೋರಿಸಿದೆ. ಅವರು ಊರಿನ ರೈತರದ್ದೇ ಕೆಲಸವನ್ನು ಚಿತ್ರಿಸಿ ಊರಲ್ಲೇ ತೋರಿಸಿದರು. ತೋರಿಸುವಾಗ ಊರಿನವರೊಬ್ಬರು ಜತೆಗಿದ್ದು, ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳಿ ಮಾತಾಡಿಸುತ್ತಿದ್ದರು. ಗುಟ್ಟು ಇರುವುದು ಆ ನಿಲ್ಲಿಸುವುದರಲ್ಲಿ.

ನಿಮ್ಮ ತೋಟದ ಒಳ್ಳೆ ಕೆಲಸಗಾರನದ್ದೇ ಎರಡು ನಿಮಿಷದ ವಿಡಿಯೋ ಮಾಡಿ. ಒಂದು ವಿಡಿಯೋಗೆ ಒಂದೇ ಕೆಲಸ. ಅಸ್ಸಾಂನವನಿದ್ದರೆ ಅವನ ಭಾಷೆಯಲ್ಲೇ ಅವನಿಂದ ಹೇಳಿಸಿ. ಕೈಯಾರೆ ಕಲಿತ ಮೇಲೆ ಇದನ್ನು ಕೊಡಿ. 40-45 ದಿನ ಬಿಟ್ಟು ಎರಡನೇ ಔಷಧಿ ಬಂದಾಗ ನೆನಪಿಗೆ ಆಯಿತು.

ಕಲಿತವ ಪಕ್ಕದ ತೋಟಕ್ಕೆ ಹೋದರೆ?

ಈ ಭಯದಿಂದಲೇ ಎಷ್ಟೋ ಮಂದಿ ಕಲಿಸುವುದಿಲ್ಲ. ಒಂದು ಎಕರೆಯವನಿಗೆ ವಾರದ ಕೂಲಿ ಕೊಟ್ಟು ಕಲಿಸುವುದು ಹೊರೆಯೇ, ಸುಳ್ಳಲ್ಲ. ಅದಕ್ಕೇ ಐದಾರು ಮನೆಯವರು ಸೇರಬೇಕು. ಇಂಡೋನೇಷ್ಯಾದಲ್ಲಿ 1989ರಲ್ಲಿ ಭತ್ತದ ಜಿಗಿಹುಳಕ್ಕೆಂದು ಶುರುವಾದ 'ರೈತರ ಹೊಲಶಾಲೆ' ಹೀಗೇ ನಡೆದದ್ದು: ಇಡೀ ಬೆಳೆಗಾಲ, ವಾರಕ್ಕೊಮ್ಮೆ, ಗದ್ದೆಯಲ್ಲೇ.

ನಮಗೂ ಕಷ್ಟವಿಲ್ಲ. ಮೇ ತಿಂಗಳಲ್ಲಿ ಒಂದು ವಾರ, ಒಂದೊಂದು ದಿನ ಒಂದೊಂದು ಮನೆಯ ತೋಟ. ಊರಿನ ಹಿರಿಯ ಕೊನೆಗಾರರನ್ನೇ ಮೇಷ್ಟ್ರು ಮಾಡಿ, ಅವರಿಗೆ ಪೂರ್ತಿ ಸಂಬಳ ಕೊಡಿ. ಮರ ಹತ್ತಲಾಗದಿದ್ದರೂ ಅವರ ಕಣ್ಣಿಗೆ ಎಲ್ಲಾ ತಿಳಿಯುತ್ತದೆ. ಕಲಿಯುವವರಿಗೂ ಆ ದಿನಗಳ ಕೂಲಿ ಸಲ್ಲಲಿ. ಖರ್ಚು ಹಂಚಿಕೊಳ್ಳಿ. ರೋಗದ ವಿಚಾರಕ್ಕೆ ಶೃಂಗೇರಿಯ ಅಡಿಕೆ ಸಂಶೋಧನಾ ಕೇಂದ್ರದವರನ್ನೋ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದವರನ್ನೋ ಕೇಳಬಹುದು.

ಆಗ ಕಲಿತವ ಪಕ್ಕದ ತೋಟಕ್ಕೆ ಹೋದರೂ ನಷ್ಟವಿಲ್ಲ. ಪಕ್ಕದ ತೋಟದಲ್ಲಿ ಕಲಿತವ ನಮ್ಮಲ್ಲಿಗೂ ಬರುತ್ತಾನಲ್ಲ!