ದರ್ಬೆಯಿಂದ ಕಡಲಿಗೆ: ಮೊದಲು ದೋಣಿಯ ಸಮಯ, ಆಮೇಲೆ ಕಾರಿನ ಮಾತು

ಪುತ್ತೂರಿನ ದರ್ಬೆಯಿಂದ ಮಂಗಳೂರಿಗೆ ಐವತ್ತು ಚಿಲ್ಲರೆ ಕಿಲೋಮೀಟರ್, ಮಲ್ಪೆಗೆ ಸುಮಾರು 115. ಪರೀಕ್ಷೆ ಮುಗಿದ ಮೇಲೆ ಎರಡು ದಿನದ ಕಡಲ ತಿರುಗಾಟಕ್ಕೆ ಇದಕ್ಕಿಂತ ಅನುಕೂಲದ ದೂರ ಬೇಕಿಲ್ಲ. ಆದರೆ ಹೆಚ್ಚಿನವರು ಮೊದಲು ಕಾರು ಗೊತ್ತು ಮಾಡುತ್ತಾರೆ, ದೋಣಿಯ ವಿಚಾರ ಕಡಲ ದಂಡೆಗೆ ಹೋದಮೇಲೆ ನೋಡೋಣ ಅನ್ನುತ್ತಾರೆ. ಕ್ರಮ ತಲೆಕೆಳಗಾಗುವುದು ಅಲ್ಲೇ. ಕಾರು ಯಾವ ಹೊತ್ತಿಗೂ ಸಿಗುತ್ತದೆ. ದೋಣಿ ನೀರಿನ ಮರ್ಜಿಯಂತೆ ಹೊರಡುತ್ತದೆ.

ತಪ್ಪು ಕಲ್ಪನೆ: ಕಾರನ್ನೇ ದೋಣಿಗೆ ಏರಿಸಿ ಹೊಳೆ ದಾಟಬಹುದು.

ಈ ನಂಬಿಕೆ ಬಂದದ್ದು ಸಿಗಂದೂರಿನ ಲಾಂಚಿನಿಂದ. ಶರಾವತಿ ಹಿನ್ನೀರಿನಲ್ಲಿ ಬಸ್ಸು, ಜೀಪುಗಳನ್ನೇ ಹೊತ್ತು ದಾಟಿಸುತ್ತಿದ್ದ ಆ ಲಾಂಚನ್ನು ನೋಡಿದವರಿಗೆ ಎಲ್ಲ ಕಡವೂ ಹಾಗೆಯೇ ಇರಬೇಕು ಅನ್ನಿಸುವುದು ಸಹಜ. ಅಲ್ಲಿಯೂ 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಗಿದೆ. ನಮ್ಮ ಕರಾವಳಿಯ ದೋಣಿಗಳು ಬಹುಪಾಲು ಜನರನ್ನು ದಾಟಿಸುವಂಥವು. ಮಂಗಳೂರಿನ ಬಂದರಿನಿಂದ ಬೆಂಗ್ರೆಗೆ, ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ಹೋಗುವ ದೋಣಿಗಳು ದಿನವೂ ಓಡಾಡುವ ಊರಿನವರ ದೋಣಿಗಳು. ಕಾರಿಗೆ ಅಲ್ಲಿ ಜಾಗವಿಲ್ಲ. ಸುಲ್ತಾನ್ ಬತ್ತೇರಿಯ ಬಳಿ ಕಾರು ನಿಲ್ಲಿಸಿ, ಟಿಪ್ಪು ಕಾಲದ ಕಾವಲು ಬುರುಜನ್ನು ಮಕ್ಕಳಿಗೆ ತೋರಿಸಿ, ಗುರುಪುರ ಹೊಳೆಯನ್ನು ಕೆಲವೇ ನಿಮಿಷಗಳಲ್ಲಿ ದಾಟಿ ತಣ್ಣೀರುಬಾವಿಯ ಮರಳಿಗೆ ಕಾಲಿಡಬಹುದು. ಚಾಲಕ ಜೊತೆಗಿದ್ದರೆ ಅವರು ಕೂಳೂರು ಸೇತುವೆ ಬಳಸಿ ಕಾರನ್ನು ಆಚೆ ದಡಕ್ಕೆ ತರಬಹುದು. ಮಕ್ಕಳೊಂದಿಗೆ ಹೋಗುವವರಿಗೆ ನಾನು ಮೊದಲು ಹೇಳುವುದು ಈ ದಾಟನ್ನೇ. ಖರ್ಚು ಕಡಿಮೆ, ಹೊಳೆ, ಕಡಲು ಎರಡೂ ಒಂದೇ ಸಂಜೆಯಲ್ಲಿ ಸಿಗುತ್ತವೆ.

ವಾಹನ ಸಾಗಿಸುವ ಬಾರ್ಜ್‌ಗಳು ಇಲ್ಲವೆಂದಲ್ಲ. ಉಡುಪಿ ಜಿಲ್ಲೆಯ ಕೋಡಿಬೆಂಗ್ರೆ–ಹಂಗಾರಕಟ್ಟೆ, ಉತ್ತರ ಕನ್ನಡದ ತದಡಿ–ಅಘನಾಶಿನಿ ಕಡವುಗಳ ಹೆಸರು ಕೇಳಿರುತ್ತೀರಿ. ಮಲ್ಪೆಯಿಂದ ಹೂಡೆ, ಕೆಮ್ಮಣ್ಣು ಕಡೆಯಾಗಿ ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು ನೋಡುತ್ತ ಹೋದರೆ ರಸ್ತೆ ಮುಗಿಯುವುದೇ ಕೋಡಿಬೆಂಗ್ರೆಯ ಅಳಿವೆಬಾಗಿಲಿನಲ್ಲಿ. ಎದುರಿಗೇ ಹಂಗಾರಕಟ್ಟೆ ಕಾಣುತ್ತದೆ. ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ಬಾಳಿದ ಶಿವರಾಮ ಕಾರಂತರ ಹುಟ್ಟೂರು ಕೋಟ ಅಲ್ಲಿಂದ ಹತ್ತಿರ. ನಮ್ಮೂರಿನವರು ಆ ದಾರಿಯನ್ನು ಒಮ್ಮೆಯಾದರೂ ನೋಡಬೇಕು. ಆದರೆ ಬಾರ್ಜ್ ದುರಸ್ತಿಯಲ್ಲಿದ್ದರೆ ಸಂತೆಕಟ್ಟೆಗೆ ಮರಳಿ ಹೆದ್ದಾರಿ ಹಿಡಿದು ಬ್ರಹ್ಮಾವರ, ಸಾಸ್ತಾನ ಸುತ್ತಬೇಕು. ಹೊರಡುವ ದಿನ ಬೆಳಿಗ್ಗೆಯೇ ಆ ಊರಿನ ಯಾರನ್ನಾದರೂ ವಿಚಾರಿಸಿ. ಹಳೆಯ ವಿಡಿಯೋ ನಂಬಿ ಹೋಗಬೇಡಿ.

ತಪ್ಪು ಕಲ್ಪನೆ: ಶಾಲೆ ತೆರೆಯುವವರೆಗೂ ಬೇಸಿಗೆ, ಅಲ್ಲಿಯವರೆಗೂ ದೋಣಿ.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಮೇ ತಿಂಗಳ ಮಧ್ಯಕ್ಕೇ ಪ್ರವೇಶ ನಿಲ್ಲಿಸುವುದು ರೂಢಿ. ಮತ್ತೆ ತೆರೆಯುವುದು ಸೆಪ್ಟೆಂಬರ್ ನಡುವಿಗೆ. ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಬರುವುದು ಜೂನ್ 1ರಿಂದ ಜುಲೈ 31ರವರೆಗೆ. ಎರಡೂ ಒಂದೇ ಎಂದು ತಿಳಿದು ಮೇ ಕೊನೆಯ ವಾರದಲ್ಲಿ ಮಲ್ಪೆಗೆ ಹೋದವರು ದಂಡೆಯಿಂದಲೇ ದ್ವೀಪ ನೋಡಿ ಬರಬೇಕಾಗುತ್ತದೆ. ಮುಂಗಾರಿಗೆ ಮುಂಚಿನ ಗಾಳಿಗೆ ಕಡಲು ಮೊದಲೇ ಕೆದರಿರುತ್ತದೆ. ಏಪ್ರಿಲ್ ಒಳ್ಳೆಯದು, ಮೇ ಮೊದಲ ವಾರವೂ ಆದೀತು. ಹೋಗುವುದಾದರೆ ಬೆಳಗಿನ ಮೊದಲ ದೋಣಿಗಳಲ್ಲಿ ಹೋಗಿ. ಮಧ್ಯಾಹ್ನ ಗಾಳಿ ಏಳುತ್ತದೆ, ಕಲ್ಲು ಕಾಯುತ್ತದೆ, ನೆರಳು ಕಡಿಮೆ.

ಆ ಕಲ್ಲುಗಳನ್ನು ನೋಡಲೆಂದೇ ಹೋಗಬೇಕು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲಕ್ಕೆ ಉಕ್ಕಿದ ಲಾವಾ ತಣಿದು ಕಂಬ ಕಂಬವಾಗಿ ಸೀಳಿ ನಿಂತದ್ದು ಅದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ದ್ವೀಪದಲ್ಲಿ ರಾತ್ರಿ ತಂಗಲು ಬಿಡುವುದಿಲ್ಲ. ದೊಡ್ಡ ದೋಣಿಯಿಂದ ಸಣ್ಣ ದೋಣಿಗೆ ಇಳಿಯಬೇಕಾದ ಸಂದರ್ಭವೂ ಇರುತ್ತದೆ. ಮಂಡಿ ನೋವಿನ ಅಜ್ಜ ಅಜ್ಜಿ ಜೊತೆಗಿದ್ದರೆ ಟಿಕೆಟ್ ಕೊಳ್ಳುವ ಮೊದಲೇ ಕೇಳಿ.

ತಪ್ಪು ಕಲ್ಪನೆ: ಪರಿಚಯದವರ ಕಾರು ಅಗ್ಗ, ಬೋರ್ಡು ಯಾವುದಾದರೇನು?

ಬೋರ್ಡಿನ ಬಣ್ಣವೇ ಇಲ್ಲಿ ಮುಖ್ಯ. ಚಾಲಕರ ಸಹಿತ ಬಾಡಿಗೆಗೆ ಓಡುವ ಟ್ಯಾಕ್ಸಿಗೆ ಹಳದಿ ಫಲಕದ ಮೇಲೆ ಕಪ್ಪು ಅಕ್ಷರ. ನಾವೇ ಓಡಿಸಲು ಕೊಡುವ ಅಧಿಕೃತ ಕಾರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ. ಬಿಳಿ ಬೋರ್ಡಿನದು ಖಾಸಗಿ ಕಾರು. ಅದನ್ನು ಬಾಡಿಗೆಗೆ ಬಿಡುವುದು ಕಾನೂನಿಗೆ ವಿರುದ್ಧ. ದಂಡದ ಭಯಕ್ಕಿಂತ ದೊಡ್ಡದು ವಿಮೆಯ ವಿಚಾರ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆಯ ಬಳಕೆಯನ್ನು ಹೊರಗಿಟ್ಟಿರುತ್ತಾರೆ. ಹೆದ್ದಾರಿಯಲ್ಲಿ ಅಪಘಾತವಾಗಿ, ಬಾಡಿಗೆ ಕೊಟ್ಟದ್ದು ಗೊತ್ತಾದರೆ ವಿಮಾ ಕಂಪನಿ ಕೈ ಚೆಲ್ಲಬಹುದು. ಆಗ ಕೊಟ್ಟವರು, ಪಡೆದವರು ಇಬ್ಬರೂ ಕೋರ್ಟಿಗೆ ಅಲೆಯಬೇಕು, ಸ್ನೇಹವೂ ಹೋಗುತ್ತದೆ. ಉಳಿಯುವ ಸಾವಿರ ರೂಪಾಯಿಗೆ ಮನೆಮಂದಿಯನ್ನೆಲ್ಲ ಅಂಥ ಕಾರಿನಲ್ಲಿ ಕೂರಿಸುವುದು ಸರಿಯಲ್ಲ.

ಟ್ಯಾಕ್ಸಿ ಮಾಡುವಾಗ ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರ್ ಲೆಕ್ಕ, ಚಾಲಕರ ಬತ್ತೆ ಎಷ್ಟು, ಟೋಲ್ ಮತ್ತು ಪಾರ್ಕಿಂಗ್ ಯಾರದ್ದು ಎಂದು ಮೊದಲೇ ಮಾತಾಡಿ. ಮಲ್ಪೆಗೆ ಹೋಗುವಾಗ ಬ್ರಹ್ಮರಕೂಟ್ಲು, ಹೆಜಮಾಡಿ ಎರಡು ಕಡೆ ಟೋಲ್ ಇದೆ. ರಾತ್ರಿ ತಂಗುವುದಿದ್ದರೆ ಚಾಲಕರಿಗೂ ಮಲಗಲು ಜಾಗ ನೋಡಿ.

ತಪ್ಪು ಕಲ್ಪನೆ: ಕಾರು ದರ್ಬೆಯಿಂದಲೇ ಬೇಕು, ದಾರಿ ಬಿ.ಸಿ.ರೋಡು ಒಂದೇ.

ಎರಡೂ ಅಲ್ಲ. ಕಬಕ ಪುತ್ತೂರಿನಲ್ಲಿ ರೈಲು ಹತ್ತಿ ಮಂಗಳೂರಿನಲ್ಲಿ ಇಳಿದು ಅಲ್ಲಿ ಕಾರು ಪಡೆದರೆ ಅರ್ಧ ದಾರಿಯ ಬಾಡಿಗೆ ಉಳಿಯುತ್ತದೆ, ಆಯ್ಕೆಯೂ ಹೆಚ್ಚು. ಸೋಮೇಶ್ವರ, ಉಳ್ಳಾಲದ ಕಡೆ ಹೋಗುವವರು ವಿಟ್ಲ, ಸಾಲೆತ್ತೂರು, ಮುಡಿಪು, ದೇರಳಕಟ್ಟೆ ಮೂಲಕ ತೊಕ್ಕೊಟ್ಟಿಗೆ ಇಳಿಯಬಹುದು.

ತಪ್ಪು ಕಲ್ಪನೆ: ಬೇಕಲ ಹತ್ತಿರವೇ, ಅದೇ ಕಾರಿನಲ್ಲಿ ಹೋಗಿಬರಬಹುದು.

ಕೆಳದಿ ನಾಯಕರ ಕೋಟೆ ಹತ್ತಿರವೇನೋ ಹೌದು. ಆದರೆ ಸಾರಡ್ಕ ದಾಟಿದರೆ ಕೇರಳ. ಬಾಡಿಗೆ ಕಾರಿಗೆ ಅಲ್ಲಿನ ಪರ್ಮಿಟ್, ತೆರಿಗೆ ಇದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ.

ತಪ್ಪು ಕಲ್ಪನೆ: ಗಾಳಿ ಇಲ್ಲದಿದ್ದರೆ ಕಡಲೂ ಶಾಂತ.

ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಉಬ್ಬಲೆ ದಿನಗಳ ಮೇಲೆ ನಮ್ಮ ತೀರಕ್ಕೆ ಬಂದು ಹೊಡೆಯುತ್ತದೆ. ಮೇಲೆ ನೀಲಿ ಆಕಾಶ, ಮರದ ಎಲೆ ಅಲುಗದು. ಆದರೂ ನೀರು ದಂಡೆಗೆ ನುಗ್ಗುತ್ತದೆ. ಕೇರಳದ ಬೆಸ್ತರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. 2024ರ ಮೇ ತಿಂಗಳಲ್ಲಿ ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಇಂಥದ್ದೇ ಎಚ್ಚರಿಕೆ ಕೊಟ್ಟಿತ್ತು. ಸೋಮೇಶ್ವರದ ಬಂಡೆಗಳ ನಡುವೆ ನೀರಿಗಿಳಿಯಲೇಬೇಡಿ. ಸ್ನಾನ ಮಾಡುವ ಆಸೆಯಿದ್ದರೆ ಜೀವರಕ್ಷಕರು ಇರುವ ಪಣಂಬೂರು ಅಥವಾ ಬ್ಲೂ ಫ್ಲ್ಯಾಗ್ ಪಡೆದ ಪಡುಬಿದ್ರಿ ಆರಿಸಿ. ಪ್ರತಿಯೊಬ್ಬರಿಗೂ, ಮಡಿಲ ಮಗುವಿಗೂ, ಲೈಫ್ ಜಾಕೆಟ್ ಕೊಡದ ದೋಣಿಯನ್ನು ಹತ್ತಬೇಡಿ. ಟಿಕೆಟ್ ಹಣ ಹೋದರೂ ಸರಿ, ಇಳಿದು ಬನ್ನಿ.